ಬಿಸಿಗೆ ಮೂಡುವ ಅಕ್ಷರ, ಬಿಸಿಲಿಗೆ ಮಾಸುವ ರಸೀದಿ

ಮೊಳಕಾಲ್ಮೂರು ತಾಲ್ಲೂಕಿನ ದೇವಸಮುದ್ರ ಹೋಬಳಿ ಮಳೆಯನ್ನೇ ನಂಬಿದ ಶೇಂಗಾ ಸೀಮೆ. ಮುಂಗಾರಿಗೆ ಮುನ್ನ ಬೀಜ, ಗೊಬ್ಬರ ಕೊಂಡ ರೈತನ ಕೈಗೆ ಈಗೀಗ ಬರುವುದು ಅಂಗೈಯಗಲದ ನುಣುಪು ಚೀಟಿ. ಸಹಾಯಧನದ ರಸಗೊಬ್ಬರವಂತೂ 2018ರಿಂದ ದೇಶದೆಲ್ಲೆಡೆ ಪಿಓಎಸ್ ಯಂತ್ರದ ಮೂಲಕವೇ ಮಾರಾಟವಾಗುತ್ತಿದೆ. ಬೀಜ ಮೊಳೆಯದೆ ಹೋದರೆ ರೈತನಿಗಿರುವ ಮುಖ್ಯ ಸಾಕ್ಷಿ ರಸೀದಿ. ಆ ಸಾಕ್ಷಿಯೇ ಅಷ್ಟರಲ್ಲಿ ಬಿಳಿಹಾಳೆಯಾಗಿರುವ ಸಂಭವವುಂಟು.

ಈ ಮುದ್ರಕಯಂತ್ರದಲ್ಲಿ ಶಾಯಿಯಿಲ್ಲ, ರಿಬ್ಬನ್ ಇಲ್ಲ. ಅದರ ತಲೆಯಲ್ಲಿ ಸಾಮಾನ್ಯವಾಗಿ ಮಿಲಿಮೀಟರಿಗೆ 8ರಂತೆ ಸೂಕ್ಷ್ಮ ಬಿಸಿಬಿಂದುಗಳು ಸಾಲಾಗಿರುತ್ತವೆ. ಬಣ್ಣವಿಲ್ಲದ ವರ್ಣದ್ರವ್ಯ ಹಾಗೂ ಆಮ್ಲಗುಣದ ಇನ್ನೊಂದು ಪುಡಿ, ಇವೆರಡರ ಲೇಪ ಕಾಗದದ ಮೇಲಿದೆ. ಬಿಂದು ಕಾದೊಡನೆ ಲೇಪ ಕರಗಿ ಎರಡೂ ಬೆರೆತು ಕಪ್ಪು ಮೂಡುತ್ತದೆ. ಉಗುರಿನಿಂದ ಬಿರುಸಾಗಿ ಗೀರಿದರೂ ಕಪ್ಪುಗೆರೆ ಬಿದ್ದೀತು. ವಿದ್ಯಾರ್ಥಿಗಳು ಪರೀಕ್ಷಿಸಿ ನೋಡಬಹುದು. ಎಣ್ಣೆ, ಮೆದು ಪ್ಲಾಸ್ಟಿಕ್ ಕವರಿನೊಳಗಿನ ರಾಸಾಯನಿಕಗಳು ಈ ಬೆಸುಗೆಯನ್ನು ಬಿಡಿಸುತ್ತವೆ, ಅಕ್ಷರ ಮಾಯವಾಗುತ್ತದೆ. ಬಿಸಿಲೂ ಅಕ್ಷರವನ್ನು ಮಾಸಿಸುತ್ತದೆ. ಜೋಪಾನ ಮಾಡಲೆಂದು ಲ್ಯಾಮಿನೇಶನ್ ಮಾಡಿಸಿದರೆ ಆ ಶಾಖಕ್ಕೆ ಇಡೀ ಚೀಟಿ ಕಪ್ಪಾಗುತ್ತದೆ.

ಆ ಆಮ್ಲಗುಣದ ಪುಡಿಯಾಗಿ ಬಹುಕಾಲ ಬಳಕೆಯಾದದ್ದು ಬಿಸ್ಫಿನಾಲ್-ಎ, ಹಾರ್ಮೋನಿನಂತೆ ವರ್ತಿಸುವ ವಸ್ತು. ಅದು ಕಾಗದಕ್ಕೆ ಬಿಗಿಯಾಗಿ ಬಂಧಿತವಾಗಿಲ್ಲವಾದ್ದರಿಂದ ಮುಟ್ಟಿದ ಬೆರಳಿಗೆ ಅಂಟುತ್ತದೆ, ಚರ್ಮದೊಳಕ್ಕೂ ಇಳಿಯುತ್ತದೆ. ಐರೋಪ್ಯ ಒಕ್ಕೂಟವು 2020ರ ಜನವರಿಯಿಂದ ಇಂಥ ಕಾಗದದಲ್ಲಿ ಅದರ ಪ್ರಮಾಣ ತೂಕದ ಶೇ. 0.02ಕ್ಕಿಂತ ಕಡಿಮೆಯಿರಬೇಕೆಂದು ವಿಧಿಸಿತು. ತಯಾರಕರು ಅನೇಕರು ಅದರ ಸೋದರ ವಸ್ತುವಾದ ಬಿಸ್ಫಿನಾಲ್-ಎಸ್‌ಗೆ ಹೊರಳಿದರು; ಸ್ವಿಟ್ಜರ್ಲೆಂಡ್ ಎರಡನ್ನೂ ನಿಷೇಧಿಸಿತು. ವರ್ಷಕ್ಕೆ ನಾಲ್ಕು ಚೀಟಿ ಮುಟ್ಟುವವರು ಹೆದರಬೇಕಿಲ್ಲ. ದಿನಕ್ಕೆ ನೂರಾರು ಚೀಟಿ ಹರಿಯುವ ಬಸ್ ನಿರ್ವಾಹಕರ, ಅಂಗಡಿಯ ಹುಡುಗರ ಮಾತು ಬೇರೆ. ಸ್ಯಾನಿಟೈಸರ್ ಹಚ್ಚಿದ ಕೈಗೆ ಇದು ಹೆಚ್ಚು ಅಂಟುವುದೆಂದು 2014ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದ್ದಾರೆ. ಅವರು ಊಟಕ್ಕೆ ಮುನ್ನ ಸೋಪು ಹಚ್ಚಿ ಕೈ ತೊಳೆಯುವುದು ಒಳ್ಳೆಯದು. ಚೀಟಿಯ ಮೇಲೆ ಮೆಣಸಿನಕಾಯಿ ಬಜ್ಜಿ ಇಡುವುದು, ಅದನ್ನು ಮಗುವಿನ ಕೈಗೆ ಆಟಕ್ಕೆ ಕೊಡುವುದು, ಒಲೆಗೋ ತಿಪ್ಪೆಗೋ ಹಾಕುವುದು ಬೇಡ. ರದ್ದಿ ಕಾಗದದೊಡನೆಯೂ ಸೇರಿಸಬಾರದು. ಸೇರಿಸಿದರೆ ಆ ವಸ್ತು ಹೊಸ ಕಾಗದಕ್ಕೂ ದಾಟುತ್ತದೆ. ಯಂತ್ರದ ತಲೆಯನ್ನು ಒರೆಸುವವರು ವಿದ್ಯುತ್ ಆರಿಸಿ, ಅದು ತಣಿದ ಮೇಲೆಯೇ ಒರೆಸಬೇಕು, ಬ್ಲೇಡಿನಿಂದ ಕೆರೆಯಬಾರದು.

ಆದರೆ ಎಚ್ಚರಿಕೆಯ ಹೊರೆಯನ್ನೆಲ್ಲ ರೈತನ ತಲೆಗೇ ಕಟ್ಟುವುದು ನ್ಯಾಯವಲ್ಲ. ಮಾರಾಟಗಾರ ರಸೀದಿ ಕೊಡಲೇಬೇಕೆಂದು 1983ರ ಬೀಜ ನಿಯಂತ್ರಣ ಆದೇಶ ಹೇಳುತ್ತದೆ. ಬೀಜ ಕೊಂಡ ರೈತನೂ ಗ್ರಾಹಕನೇ ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ತೀರ್ಪಿತ್ತಿದೆ. ದೂರಿಗೆ 2 ವರ್ಷಗಳ ಅವಧಿಯಿದೆ. ಅಷ್ಟು ಕಾಲ ಬಾಳದ ಚೀಟಿಯನ್ನು ಕೊಟ್ಟು ಕಾನೂನು ಪಾಲಿಸಿದೆವೆನ್ನುವುದು ಕಣ್ಣೊರೆಸುವ ಮಾತು. (ಇದೇ ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯಲ್ಲಿ ಅಶೋಕನ ಅಕ್ಷರಗಳು 2,200 ವರ್ಷ ಕಳೆದರೂ ಓದಲು ಸಿಗುತ್ತವೆ!) ಬೀಜದ ರಸೀದಿಯಾದರೂ ಸಾಧಾರಣ ಕಾಗದದ ಮೇಲೆ, ಕಾರ್ಬನ್ ಪ್ರತಿಯೊಂದಿಗೆ, ಲಾಟ್ ಸಂಖ್ಯೆ ಸಹಿತ ಬರಬೇಕು. ಕೃಷಿ ಇಲಾಖೆ ಇದನ್ನು ಕಡ್ಡಾಯಗೊಳಿಸಲು ಹೊಸ ಯಂತ್ರವೇನೂ ಬೇಕಿಲ್ಲ, ಒಂದು ಬಿಲ್ ಪುಸ್ತಕ ಸಾಕು.

ಅಲ್ಲಿಯವರೆಗೆ ಕೊಂಡ ದಿನವೇ ಚೀಟಿಯ ಜೆರಾಕ್ಸ್ ತೆಗೆಸಿ, ಮೂಲವನ್ನು ಕಾಗದದ ಲಕೋಟೆಯಲ್ಲಿಟ್ಟು, ಬೀಜದ ಚೀಲದ ಲೇಬಲ್ಲನ್ನೂ ಒಂದು ಹಿಡಿ ಬೀಜವನ್ನೂ ಜೊತೆಗಿರಿಸಿಕೊಳ್ಳಬೇಕು.