ಸಂದರ್ಶನವೂ ಸೌಜನ್ಯವೂ
ಕೇಂದ್ರ ಸರಕಾರವು 2016ರ ಜನವರಿ 1ರಿಂದ ‘ಸಿ’ ಹಾಗೂ ಪತ್ರಾಂಕಿತವಲ್ಲದ ‘ಬಿ’ ವರ್ಗದ ಹುದ್ದೆಗಳಿಗೆ ಸಂದರ್ಶನವನ್ನು ರದ್ದುಗೊಳಿಸಿದುದರಿಂದ, ಶಿಫಾರಸನ್ನರಸಿ ದೊಡ್ಡವರ ಜಗಲಿಯಲ್ಲಿ ಕಾಯುವ ದೈನ್ಯವು ಬಡ ತರುಣರಿಗೆ ಎಷ್ಟೋ ತಪ್ಪಿತೆನ್ನಬೇಕು. ಖಾಸಗಿ ಉದ್ಯಮಗಳಲ್ಲಾದರೋ ಅಭ್ಯರ್ಥಿಯ ಭಾಗ್ಯವು ಇಂದಿಗೂ ಅರ್ಧಗಂಟೆಯ ಸಂಭಾಷಣೆಯನ್ನೇ ಅವಲಂಬಿಸಿರುವುದಲ್ಲದೆ, ಬೆಳಗ್ಗೆ ಹತ್ತಕ್ಕೆ ಬರಹೇಳಿ, ಸಂಜೆಯವರೆಗೆ ಕೂರಿಸಿ, ಹಿಂದಿನ ಸಂಬಳವೆಷ್ಟು, ಮದುವೆ ಯಾವಾಗ (ಈ ಎರಡನೆಯ ಪ್ರಶ್ನೆ ಪ್ರಾಯಶಃ ಹೆಣ್ಣುಮಕ್ಕಳಿಗೇ ಮೀಸಲು!) ಎಂದೆಲ್ಲ ವಿಚಾರಿಸಿ, ‘ತಿಳಿಸುತ್ತೇವೆ’ ಎಂದು ಬೀಳ್ಕೊಟ್ಟವರಲ್ಲಿ ಅನೇಕರು ಮತ್ತೆ ತಿಳಿಸುವುದೇ ಇಲ್ಲ. ಕೆಲಸವಿಲ್ಲವೆಂಬ ಎರಡು ಸಾಲಿನ ಉತ್ತರ ದೊರೆತರೆ ಬೇರೆಡೆ ಪ್ರಯತ್ನಿಸಬಹುದು. ಮೌನವಾದರೋ ತಿಂಗಳುಗಟ್ಟಲೆ ಆಸೆಗೆ ಕಟ್ಟಿಹಾಕುತ್ತದೆ. ಅರ್ಜಿ ಸಲ್ಲಿಸಲು ಕಟ್ಟುನಿಟ್ಟಾದ ಅಂತಿಮ ದಿನಾಂಕವನ್ನು ವಿಧಿಸುವ ಸಂಸ್ಥೆಗಳು, ಉತ್ತರಿಸಲು ತಮಗೂ ಒಂದು ಗಡುವನ್ನು ಅದೇ ಜಾಹೀರಾತಿನಲ್ಲಿ ಪ್ರಕಟಿಸುವುದು ಯುಕ್ತ.