ಉಲ್ಲೇಖಗಳ ಎಣಿಕೆ ಮತ್ತು ಊರಿನ ರೋಗ

ಕಳ್ಳಕವಟಗಿ, ತಿಕೋಟಾ, ಬಬಲೇಶ್ವರದ ಸುತ್ತ ದ್ರಾಕ್ಷಿ ಬೆಳೆಯುವವರಿಗೆ ಬೋರ್ಡೋ ದ್ರಾವಣ ಹೊಸದಲ್ಲ. ಮೈಲುತುತ್ತ, ಸುಣ್ಣ ಕಲಸಿದ ಈ ನೀಲಿ ನೀರನ್ನು ಬೂಜು ರೋಗ ತಡೆಯಲು ಬಳ್ಳಿಗೆ ಹೊಡೆಯುತ್ತಾರೆ. ಪೋರ್ಚುಗಲ್ಲಿನಲ್ಲೂ ಹೊಡೆಯುತ್ತಿದ್ದರು. ಅಲ್ಲಿನ ಪಿಮೆಂಟೆಲ್ ಮತ್ತು ಮಾರ್ಕೆಸ್ ಎಂಬ ಸಂಶೋಧಕರು ಈ ಕೆಲಸ ಮಾಡಿದವರ ಶ್ವಾಸಕೋಶದಲ್ಲಿ ತಾಮ್ರ ಸೇರಿ ರೋಗವಾಗಿರುವುದನ್ನು 1969ರಲ್ಲಿ ‘ಥೋರಾಕ್ಸ್’ ಪತ್ರಿಕೆಯಲ್ಲಿ ವರದಿ ಮಾಡಿದರು. ಕೂಲಿಕಾರರ ಎದೆಯ ಒಂದು ಕಾಯಿಲೆ ವೈದ್ಯಶಾಸ್ತ್ರದ ಗಮನಕ್ಕೆ ಬಂದದ್ದು ಹೀಗೆ. ವಿಜಯಪುರದ ಯುವ ವೈದ್ಯರೊಬ್ಬರು ಇದೇ ಪ್ರಶ್ನೆ ಹಿಡಿದು ತಿಕೋಟಾದ ತೋಟಗಳಿಗೆ ಹೊರಟರೆ, ಆ ಕೆಲಸಕ್ಕೆ ಅವರ ವೈದ್ಯಕೀಯ ಕಾಲೇಜಿನ ಬಡ್ತಿ ಸಮಿತಿ ಎಷ್ಟು ಬೆಲೆ ಕಟ್ಟೀತು?

ಈಗ ಎಲ್ಲರ ಕೈಯಲ್ಲಿರುವ ಅಳತೆ ಎಚ್-ಇಂಡೆಕ್ಸ್. ಭೌತವಿಜ್ಞಾನಿ ಹೋರ್ಹೆ ಹಿರ್ಷ್ 2005ರಲ್ಲಿ ಮುಂದಿಟ್ಟದ್ದು. ಒಬ್ಬರ 20 ಪ್ರಬಂಧಗಳನ್ನು ತಲಾ 20 ಸಲವಾದರೂ ಬೇರೆ ಪ್ರಬಂಧಗಳು ಉಲ್ಲೇಖಿಸಿದ್ದರೆ ಅವರ ಎಚ್-ಇಂಡೆಕ್ಸ್ 20. ಲೆಕ್ಕ ಸುಲಭ, ಅದಕ್ಕೇ ಅಷ್ಟು ಬೇಗ ಹಬ್ಬಿತು. ಆದರೆ ಉಲ್ಲೇಖಿಸುವವರು ರೋಗಿಗಳಲ್ಲ, ಅದೇ ವಿಷಯದಲ್ಲಿ ಬರೆಯುವ ಇತರ ಸಂಶೋಧಕರು. ಕ್ಯಾನ್ಸರ್ ಬಗ್ಗೆ ಬರೆಯುವವರು ಜಗತ್ತಿನ ತುಂಬ ಇದ್ದಾರೆ. ಒಂದು ಜಿಲ್ಲೆಯ ಹೊಲಗೆಲಸದವರ ರೋಗದ ಬಗ್ಗೆ ಬರೆಯುವವರು ಬೆರಳೆಣಿಕೆ. ಇನ್ನು ಜಾಗತಿಕ ರೋಗಭಾರದ ದೊಡ್ಡ ಅಧ್ಯಯನಗಳಲ್ಲಿ ನೂರಾರು ಲೇಖಕರ ಹೆಸರುಗಳಿರುತ್ತವೆ, ಸಾವಿರಾರು ಉಲ್ಲೇಖಗಳು ಬರುತ್ತವೆ. ಯಾರ ಪಾಲಿನ ಶ್ರಮ ಎಷ್ಟಿದ್ದರೂ ಅವು ಪ್ರತಿಯೊಬ್ಬರ ಖಾತೆಗೂ ಪೂರ್ತಿಯಾಗಿ ಜಮೆಯಾಗುತ್ತವೆ.

ಮಂಗನ ಕಾಯಿಲೆಯ ಕಥೆ ಈ ಅಳತೆಯ ಕೊರತೆಯನ್ನು ಚೆನ್ನಾಗಿ ತೋರಿಸುತ್ತದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು, ಸುತ್ತಲಿನ ಹಳ್ಳಿಗರಿಗೂ ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರ್ಯಾಪಿಡೊ ಮತ್ತು ಅವರ ಜೊತೆಗಾರರು ಕಾಡಿಗೇ ಬಂದು ವೈರಸ್ಸನ್ನು ಬೇರ್ಪಡಿಸಿದರು, ಅದನ್ನು ಹರಡುವ ಉಣ್ಣೆಯನ್ನು ಗುರುತಿಸಿದರು. ಮನುಷ್ಯರಲ್ಲಿ ರೋಗ ಹೇಗೆ ಕಾಣಿಸುತ್ತದೆ ಎಂಬ ಆರಂಭದ ವರದಿ ಅದೇ ವರ್ಷ ಪ್ರಕಟವಾಯಿತು. ಅದು ಕಾಣಿಸಿಕೊಂಡದ್ದು ಲಂಡನ್ನಿನ ಹೆಸರಾಂತ ಪತ್ರಿಕೆಯಲ್ಲಲ್ಲ, ಭಾರತದ್ದೇ ಒಂದು ವೈದ್ಯಕೀಯ ನಿಯತಕಾಲಿಕದಲ್ಲಿ.  1990ರ ದಶಕದಲ್ಲಿ ಸೌದಿ ಅರೇಬಿಯಾದಲ್ಲಿ ಆಲ್ಖುರ್ಮಾ ವೈರಸ್ ಸಿಕ್ಕಿತು. ಅದರ ಹತ್ತಿರದ ಬಂಧು ಯಾವುದೆಂದು ನೋಡಿದರೆ ಕ್ಯಾಸನೂರಿನದೇ! 2012ರಿಂದೀಚೆಗೆ ರೋಗ ಚಾಮರಾಜನಗರ, ವಯನಾಡು, ಗೋವಾ, ಸಿಂಧುದುರ್ಗಗಳಲ್ಲೂ ಕಾಣಿಸಿಕೊಂಡಾಗ ವೈದ್ಯರು ಮತ್ತೆ ಆ ಹಳೆಯ ಕೆಲಸದ ಮೇಲೇ ನಿಂತರು. ಐದು ವರ್ಷದ ಉಲ್ಲೇಖಗಳನ್ನು ನೋಡಿ ತೀರ್ಪು ಕೊಡುವ ಸಮಿತಿಗೆ ಇಷ್ಟು ದೂರದ ಫಲ ಕಾಣುವುದಿಲ್ಲ.

ಹಾಗೆಂದು ಬರೆಯುವುದೇ ಬೇಡ ಎನ್ನುವ ವಾದ ತಪ್ಪು. ಶಸ್ತ್ರವೈದ್ಯ ಸಮಿರನ್ ನಂದಿ ಮತ್ತು ಅವರ ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2005ರಿಂದ 2014ರವರೆಗೆ ದೇಶದ 579 ವೈದ್ಯಕೀಯ ಸಂಸ್ಥೆಗಳಲ್ಲಿ 332 ಒಂದೂ ಪ್ರಬಂಧ ಹೊರತಂದಿರಲಿಲ್ಲ. ಇದು ದೊಡ್ಡ ನಷ್ಟ. ಬೀಳಗಿಯಲ್ಲಿ ಹುಟ್ಟಿದ ನೇತ್ರತಜ್ಞ ಡಾ. ಎಂ. ಸಿ. ಮೋದಿಯವರು ಊರೂರಿಗೆ ಹೋಗಿ ಲಕ್ಷಗಟ್ಟಲೆ ಜನರ ಕಣ್ಣಿಗೆ ಶಸ್ತ್ರಚಿಕಿತ್ಸೆ ಮಾಡಿದರು. ಅವರ ಹಿರಿಮೆಗೆ ಯಾವ ಇಂಡೆಕ್ಸೂ ಬೇಕಿಲ್ಲ. ಆದರೆ ಕಾಲೇಜಿನಲ್ಲಿ ಪಾಠ ಮಾಡುವವರು ವಾರ್ಡಿನಲ್ಲಿ ಕಂಡದ್ದನ್ನು ಬರೆದಿಡದಿದ್ದರೆ ಮುಂದಿನ ಪೀಳಿಗೆ ಅದೇ ಪ್ರಶ್ನೆಯನ್ನು ಮೊದಲಿನಿಂದ ಕೇಳಬೇಕಾಗುತ್ತದೆ. ಬಡ್ತಿಗೆ ಪ್ರಬಂಧ ಕಡ್ಡಾಯವಾದಾಗ ಹುಟ್ಟಿದ ಪಿಡುಗು ಬೇರೆಯದು: ಹಣ ಕೊಟ್ಟರೆ ಏನನ್ನಾದರೂ ಅಚ್ಚು ಹಾಕುವ ಪತ್ರಿಕೆಗಳು. ಸಂಖ್ಯೆ ಕೇಳಿದರೆ ಸಂಖ್ಯೆಯೇ ಬರುತ್ತದೆ.

2012ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ವಿಜ್ಞಾನಿಗಳೂ ಸಂಪಾದಕರೂ ಸೇರಿ ರೂಪಿಸಿದ ಘೋಷಣೆ, ಪತ್ರಿಕೆಯ ಹೆಸರು ನೋಡದೆ ಪ್ರಬಂಧದ ಹೂರಣ ನೋಡಿ ಎಂದಿತು. ಇದನ್ನು ಪಾಲಿಸಲು ವಿಜಯಪುರದಂಥ ಊರಿಗೆ ದೊಡ್ಡ ಖರ್ಚೇನೂ ಇಲ್ಲ. ಬಡ್ತಿ ಬಯಸುವವರು ತಮ್ಮ ಮೂರೇ ಪ್ರಬಂಧಗಳನ್ನು ಆರಿಸಿ ಕೊಡಲಿ, ಸಮಿತಿ ಅವನ್ನು ಕೂತು ಓದಲಿ. ಪ್ರಶ್ನೆ ಎಲ್ಲಿಂದ ಹುಟ್ಟಿತು, ಮಾಹಿತಿ ಹೇಗೆ ಕಲೆಹಾಕಿದರು, ಅದರಿಂದ ಯಾವ ಚಿಕಿತ್ಸೆ ಅಥವಾ ಎಚ್ಚರಿಕೆ ಬದಲಾಯಿತು ಎಂದು ಕೇಳಲಿ. ತೋಟದಲ್ಲಿ ಮುಖಗವಸಿಲ್ಲದೆ ಔಷಧ ಹೊಡೆಯುವವರ ಉಸಿರಿನ ಶಕ್ತಿಯನ್ನು ವರ್ಷ ವರ್ಷ ಅಳೆದ ಒಂದು ವರದಿಗೆ ಜಗತ್ತಿನಿಂದ ನಾಲ್ಕೇ ಉಲ್ಲೇಖ ಬಂದಿರಬಹುದು. ಅದನ್ನು ಓದಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಕೆಮ್ಮಿನ ರೋಗಿಗೆ ಕೆಲಸ ಏನೆಂದು ಕೇಳಲು ತೊಡಗಿದ್ದರೆ, ಬಡ್ತಿಯ ಕಡತದಲ್ಲಿ ಅದನ್ನೂ ದಾಖಲಿಸಬೇಕು.