ಎರಡು ಎಕರೆ ಹತ್ತು ಗುಂಟೆಗೆ ಗಾಂಧಿ ಜಯಂತಿ

ಮೊದಲು ನಮ್ಮ ತಪ್ಪು ಹೇಳಿಬಿಡುತ್ತೇವೆ. ಹೊಸಕೋಟೆ ತಾಲ್ಲೂಕಿನ ಒಂದು ಊರಿನಲ್ಲಿ ಕೆರೆ ಕೋಡಿ ಹರಿದು ನಾಲ್ವರು ಅಣ್ಣತಮ್ಮಂದಿರ ರಾಗಿ ಹೊಲಕ್ಕೆ ನೀರು ನುಗ್ಗಿತ್ತು. ಒಬ್ಬೊಬ್ಬರದು ಒಂದು ಎಕರೆ ಮೂವತ್ತು ಗುಂಟೆ. ನಾವು ಬದುವಿನ ಮೇಲೆ ನಿಂತೇ ಫೋನಿನ ಕ್ಯಾಲ್ಕುಲೇಟರ್‌ನಲ್ಲಿ 1.30 ಅನ್ನು ನಾಲ್ಕು ಸಲ ಕೂಡಿದೆವು. 5.2 ಅಂತ ಬಂತು. ಐದು ಎಕರೆ ಇಪ್ಪತ್ತು ಗುಂಟೆ ರಾಗಿ ಹಾಳು ಅಂತ ಬರೆದು ಕಳಿಸಿದೆವು. ಅಚ್ಚಾಯಿತು.

ಮಾರನೇ ದಿನ ಬೆಳಗ್ಗೆ ಏಳಕ್ಕೆ ಫೋನು. ಆ ಅಣ್ಣತಮ್ಮಂದಿರ ಪೈಕಿ ದೊಡ್ಡವರು. "ಏನಪ್ಪಾ ರಿಪೋರ್ಟ್ರು, ನಮ್ಮಪ್ಪ ಬಿಟ್ಟೋಗಿದ್ದು ಏಳೆಕ್ರೆ. ಒಂದೂವರೆ ಎಕ್ರೆ ಎಲ್ಲಿಟ್ಟೆ?"

ಅವರದೇ ಸರಿ. ನಾಲ್ಕು ಎಕರೆ, ಅದರ ಮೇಲೆ ನಾಲ್ಕು ಮೂವತ್ತಲ ನೂರಿಪ್ಪತ್ತು ಗುಂಟೆ. ನಲವತ್ತು ಗುಂಟೆಗೆ ಒಂದು ಎಕರೆಯಾದರೆ ನೂರಿಪ್ಪತ್ತಕ್ಕೆ ಮೂರು. ಒಟ್ಟು ಏಳು. ಓದು ಬರಹ ಅಷ್ಟಕ್ಕಷ್ಟೇ ಆದ ಮನುಷ್ಯ ಬಾಯಲ್ಲೇ ಹೇಳಿದ ಲೆಕ್ಕವನ್ನು ಡಿಪ್ಲೊಮಾ ಮಾಡಿದ ನಾವು ಮೆಷೀನು ಹಿಡಿದು ತಪ್ಪಿಸಿದ್ದೆವು. ಮೆಷೀನು ಸುಳ್ಳು ಹೇಳಲಿಲ್ಲ. ಅದಕ್ಕೆ ಗೊತ್ತಿರುವ ಚುಕ್ಕೆ ಹತ್ತು, ನೂರರ ಚುಕ್ಕೆ. ನಮ್ಮ ಚುಕ್ಕೆ ನಲವತ್ತರದ್ದು. ಎರಡೂ ನೋಡಲು ಒಂದೇ ಥರ, ಅಷ್ಟೇ ತೊಂದರೆ.

ಇದರಲ್ಲಿ ನಮ್ಮನ್ನು ಹೆದರಿಸಿದ್ದು ಒಂದಿದೆ. ಇಬ್ಬರು ಅಣ್ಣತಮ್ಮಂದಿರ ಲೆಕ್ಕ ಮಾತ್ರ ಕೂಡಿದ್ದರೆ 2.6 ಬರುತ್ತಿತ್ತು. ಎರಡು ಎಕರೆ ಅರವತ್ತು ಗುಂಟೆ ಅಂತ ಯಾವ ಊರಲ್ಲೂ ಇರುವುದಿಲ್ಲ, ತಕ್ಷಣ ಅನುಮಾನ ಬರುತ್ತಿತ್ತು. ನಾಲ್ವರದು ಕೂಡಿದಾಗ ಗುಂಟೆ ನೂರು ದಾಟಿತು, ಮೆಷೀನು ನೂರಕ್ಕೆ ಒಂದು ಎಕರೆ ದಶಕ ಒಯ್ದಿತು, ಉಳಿದದ್ದು ಇಪ್ಪತ್ತು. ಐದು ಇಪ್ಪತ್ತು ಎಷ್ಟು ಚೆನ್ನಾಗಿ ಕಾಣುತ್ತದೆ ನೋಡಿ! ಡೆಸ್ಕಿನಲ್ಲಿ ಕೂತವರೂ ಪ್ರಶ್ನೆ ಮಾಡಲಿಲ್ಲ.

ನಮ್ಮ ತಪ್ಪು ಪೇಪರಿನಲ್ಲೇ ನಿಂತಿತು. ಇದೇ ತಪ್ಪು ದುಡ್ಡಿನ ಪಟ್ಟಿಯಲ್ಲಿ ಆದರೆ? ಪ್ರಕೃತಿ ವಿಕೋಪ ಪರಿಹಾರಕ್ಕೆ 2022ರ ಕೇಂದ್ರ ಮಾರ್ಗಸೂಚಿ ಗೊತ್ತು ಮಾಡಿದ ದರ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ. ಒಂದು ಎಕರೆ ಮೂವತ್ತು ಗುಂಟೆ ಅಂದರೆ ಒಂದೂ ಮುಕ್ಕಾಲು ಎಕರೆ, ಹೆಕ್ಟೇರಿನಲ್ಲಿ 0.708. ಕೈಗೆ ಬರಬೇಕಾದ್ದು ಸುಮಾರು 6,020 ರೂಪಾಯಿ. ಅದನ್ನೇ ಯಾರಾದರೂ 1.30 ಎಕರೆ ಅಂತ ದಶಮಾಂಶದಲ್ಲಿ ಓದಿ ಹೆಕ್ಟೇರಿಗೆ ತಿರುಗಿಸಿದರೆ 0.526, ದುಡ್ಡು ಸುಮಾರು 4,470. ಒಬ್ಬರಿಗೆ ಸಾವಿರದ ಐನೂರ ಐವತ್ತು ಖೋತಾ, ನಾಲ್ವರಿಗೆ ಆರು ಸಾವಿರ ದಾಟಿತು. ಇನ್ನೊಂದು ವಿಷಯ. ಗುಂಟೆಯನ್ನು ನಲವತ್ತರ ಬದಲು ನೂರರಿಂದ ಭಾಗಿಸಿದರೆ ಉತ್ತರ ಯಾವಾಗಲೂ ಕಡಿಮೆಯೇ, ಒಂದು ಸಲವೂ ಜಾಸ್ತಿ ಬರುವುದಿಲ್ಲ. ಮೂವತ್ತೊಂಬತ್ತು ಗುಂಟೆ ಇದ್ದವರು ಇಪ್ಪತ್ಮೂರು ಗುಂಟೆ ಚಿಲ್ಲರೆ ಕಳೆದುಕೊಳ್ಳುತ್ತಾರೆ. ದೇವನಹಳ್ಳಿ ಕಡೆ ಒಂದು ಗುಂಟೆ, ಅಂದರೆ ಮೂವತ್ಮೂರು ಅಡಿಗೆ ಮೂವತ್ಮೂರು ಅಡಿ, 1,089 ಚದರಡಿ ಜಾಗ ಇವತ್ತು ಎಷ್ಟು ಲಕ್ಷಕ್ಕೆ ಮಾತಾಗುತ್ತದೆ ಅಂತ ನಿಮಗೆ ನಾವು ಹೇಳಬೇಕಿಲ್ಲ.

ಪಹಣಿಯ ಮೇಲೆ ದೂರು ಹಾಕುತ್ತಿಲ್ಲ. ಪಹಣಿಯಲ್ಲಿ ಎಕರೆ, ಗುಂಟೆ, ಆಣೆ ಬೇರೆ ಬೇರೆಯಾಗಿಯೇ ಇರುತ್ತವೆ. ತೊಂದರೆ ಶುರುವಾಗುವುದು ಪಹಣಿ ನೋಡಿಕೊಂಡು ಯಾರೋ ಎಕ್ಸೆಲ್ ಶೀಟಿಗೆ ಇಳಿಸುವಾಗ. ವಿಭಾಗ ಪತ್ರಕ್ಕೆ ಮುಂಚೆ ಜೆರಾಕ್ಸ್ ಅಂಗಡಿಯಲ್ಲಿ ಮಾಡಿಸುವ ಪಟ್ಟಿ, ಸಂಘದ ಸಾಲದ ಪಟ್ಟಿ, ಹೋರಾಟ ಸಮಿತಿಯವರು ಮನವಿಗೆ ಲಗತ್ತಿಸುವ ಪಟ್ಟಿ, ನಮ್ಮಂಥವರು ಸುದ್ದಿಗೆ ಮಾಡಿಕೊಳ್ಳುವ ಪಟ್ಟಿ.

ಎಕ್ಸೆಲ್‌ಗೆ ತನ್ನದೇ ಒಂದು ಜಾಣತನ ಇದೆ. ಎರಡು ಎಕರೆ ಹತ್ತು ಗುಂಟೆಯನ್ನು 2.10 ಅಂತ ಹೊಡೆಯಿರಿ. ಕೊನೆಯ ಸೊನ್ನೆಗೆ ಬೆಲೆಯಿಲ್ಲ ಅಂತ ಅದು ತೆಗೆದುಹಾಕಿ 2.1 ತೋರಿಸುತ್ತದೆ. ಈಗ ಅದು ಎರಡು ಎಕರೆ ಒಂದು ಗುಂಟೆಯೋ, ಹತ್ತು ಗುಂಟೆಯೋ? ದೇವರಿಗೇ ಗೊತ್ತು. ಸರಿ, ಹಳೇ ಪದ್ಧತಿಯಂತೆ ಅಡ್ಡಗೆರೆ ಹಾಕಿ 2-10 ಅಂತ ಹೊಡೆಯೋಣ ಅಂದರೆ, ನಮ್ಮ ದೇಶದ ತಾರೀಖು ಪದ್ಧತಿ ಇಟ್ಟುಕೊಂಡಿರುವ ಕಂಪ್ಯೂಟರು ಅದನ್ನು ಅಕ್ಟೋಬರ್ 2 ಮಾಡುತ್ತದೆ. ಜಮೀನಿಗೆ ಗಾಂಧಿ ಜಯಂತಿ! ಗಾಬರಿಯಾಗಿ ಆ ಚೌಕವನ್ನು ಮತ್ತೆ ಸಂಖ್ಯೆ ಮಾಡಲು ಹೋದರೆ, 2025ರಲ್ಲಿ ಹೊಡೆದಿದ್ದಾದರೆ 45932 ಅಂತ ಬರುತ್ತದೆ. 1900ನೇ ಇಸವಿಯಿಂದ ದಿನ ಎಣಿಸಿಕೊಂಡು ಬಂದ ಲೆಕ್ಕ ಅದು. ನಲವತ್ತೈದು ಸಾವಿರ ಎಕರೆಯ ಜಮೀನ್ದಾರ ನೀವು. ಸರ್ವೆ ನಂಬರಿನ ಪಾಡೂ ಇದೇ. 5/2 ಅಂತ ಹೊಡೆದರೆ ಫೆಬ್ರವರಿ 5. ಈ ಚಾಳಿಗೆ ದೊಡ್ಡ ವಿಜ್ಞಾನಿಗಳೂ ಸೋತಿದ್ದಾರೆ. ಮನುಷ್ಯನ ಕೆಲವು ಜೀನ್‌ಗಳ ಹೆಸರು ಮಾರ್ಚ್, ಸೆಪ್ಟೆಂಬರ್ ತಿಂಗಳಂತೆ ಕಂಡು ಶೀಟಿನಲ್ಲಿ ತಾರೀಖಾಗಿಬಿಡುತ್ತಿದ್ದವು. ಕೊನೆಗೆ 2020ರಲ್ಲಿ ಜೀನ್‌ಗಳ ಹೆಸರನ್ನೇ ಬದಲಾಯಿಸಿದರು. ನಾವು ನಮ್ಮ ಸರ್ವೆ ನಂಬರು ಬದಲಾಯಿಸಲು ಆಗುತ್ತದೆಯೇ?

ಇಂಥ ತಪ್ಪನ್ನು ಸಾಫ್ಟ್‌ವೇರು ಹೇಗೆ ನಡೆಸಿಕೊಳ್ಳಬೇಕು ಅನ್ನುವುದೇ ನಾವು ಹೇಳಹೊರಟ ಮಾತು. ಲೆಕ್ಕ ಆಗದೇ ಇದ್ದಾಗ, ಅಂದರೆ ಸೊನ್ನೆಯಿಂದ ಭಾಗಿಸು ಅಂದಾಗಲೋ, ಸಂಖ್ಯೆ ಇರಬೇಕಾದ ಕಡೆ ಅಕ್ಷರ ಇದ್ದಾಗಲೋ, ಶೀಟು ಒಂದು ಹ್ಯಾಶ್ ಗುರುತು ಹಾಕಿ ಕಿರುಚುತ್ತದೆ. ನೋಡಲು ಅಸಹ್ಯ. ಮೇಲಿನವರಿಗೆ ಕಳಿಸುವ ಶೀಟಿನಲ್ಲಿ ಅದು ಕಾಣಬಾರದು ಅಂತ ಟೈಪು ಮಾಡುವವರು ಇಫ್‌ಎರರ್ ಅನ್ನುವ ಸೂತ್ರ ಹಾಕುತ್ತಾರೆ. ತಪ್ಪು ಬಂದರೆ ಸೊನ್ನೆ ತೋರಿಸು ಅಂತ ಅದಕ್ಕೆ ಹೇಳಿಕೊಡುತ್ತಾರೆ. ಶೀಟು ಚೊಕ್ಕಟವಾಗುತ್ತದೆ, ಒಟ್ಟು ಮೊತ್ತವೂ ಬರುತ್ತದೆ. ಆದರೆ ವಿಸ್ತೀರ್ಣದ ಚೌಕದಲ್ಲಿ "2 ಎಕರೆ" ಅಂತ ಅಕ್ಷರ ಸೇರಿಸಿ ಹೊಡೆದಿದ್ದವರ ಹೆಸರಿನ ಮುಂದೆ ಸೊನ್ನೆ ರೂಪಾಯಿ. ಇಂಥದೊಂದು ಪಟ್ಟಿಯನ್ನು ನಾವು ಕಣ್ಣಾರೆ ನೋಡಿದ್ದೇವೆ. ಯಾವ ಕಡೆಯದು ಅಂತ ಹೇಳುವುದಿಲ್ಲ, ಕೇಳಿದ ಮೇಲೆ ಅವರೇ ಸರಿಮಾಡಿಕೊಂಡರು. ಆ ಸಾಲಿನಲ್ಲಿದ್ದ ಅಜ್ಜಿ ಮಾತ್ರ ಅಲ್ಲಿಯತನಕ ತನಗೆ ಏನೂ ಮಂಜೂರಾಗಿಲ್ಲ ಅಂತಲೇ ನಂಬಿ ಸುಮ್ಮನಿದ್ದರು. ಸೊನ್ನೆ ಅಂದರೆ ನಿಮಗೆ ಏನೂ ಇಲ್ಲ ಅಂತ ಅರ್ಥ. ಲೆಕ್ಕ ತಿಳಿಯಲಿಲ್ಲ ಅನ್ನುವುದು ಬೇರೆಯೇ ಮಾತು. ಈ ಎರಡಕ್ಕೂ ಒಂದೇ ಗುರುತು ಹಾಕುವುದು ಲೆಕ್ಕದ ತಪ್ಪಿಗಿಂತ ದೊಡ್ಡ ತಪ್ಪು ಅಂತ ನಮ್ಮ ಅಭಿಪ್ರಾಯ. ದುಡ್ಡು, ಜಮೀನು, ರೇಷನ್ ಇವುಗಳ ಸಾಫ್ಟ್‌ವೇರು ಅನುಮಾನ ಬಂದ ಸಾಲಿನಲ್ಲಿ ನಿಲ್ಲಬೇಕು, ಕೆಂಪಗೆ ತೋರಿಸಬೇಕು.

ನಿಂತರಷ್ಟೇ ಸಾಲದು, ನಿಂತದ್ದನ್ನು ನೋಡುವ ಮನುಷ್ಯನೊಬ್ಬ ಬೇಕು. 1996ರ ಜೂನ್ 4ರಂದು ಯೂರೋಪಿನವರ ಏರಿಯಾನ್ 5 ರಾಕೆಟ್ಟು ಮೊದಲ ಸಲ ಹಾರಿದಾಗ ಹೀಗೇ ಆಯಿತು. ದೊಡ್ಡ ಸಂಖ್ಯೆಯೊಂದನ್ನು ಚಿಕ್ಕ ಜಾಗಕ್ಕೆ ತುರುಕಲು ಹೋಗಿ ಅದರ ಕಂಪ್ಯೂಟರು ತಪ್ಪು ಅಂತ ಹೇಳಿ ನಿಂತೇಬಿಟ್ಟಿತು. ಅದರ ಜೊತೆಗಿದ್ದ ಇನ್ನೊಂದರಲ್ಲೂ ಅದೇ ಸಾಫ್ಟ್‌ವೇರು, ಅದೂ ನಿಂತಿತ್ತು. ಆಕಾಶದಲ್ಲಿ ಕೇಳುವವರು ಯಾರು? ಒಂದು ನಿಮಿಷದೊಳಗೆ ರಾಕೆಟ್ಟು ಚೂರುಚೂರು. ನಮ್ಮ ನಾಡಕಚೇರಿ ಆಕಾಶದಲ್ಲಿಲ್ಲ, ಅಲ್ಲಿ ಕುರ್ಚಿಯ ಮೇಲೆ ಮನುಷ್ಯರಿದ್ದಾರೆ. ಆದರೂ "ಸಿಸ್ಟಮ್ ತಗೋತಾ ಇಲ್ಲ ಕಣಪ್ಪ, ನಾಳೆ ಬಾ" ಅನ್ನುವ ಉತ್ತರ ಕೇಳಿದಾಗ ಆ ರಾಕೆಟ್ಟೇ ನೆನಪಾಗುತ್ತದೆ. ಸಿಸ್ಟಮ್ ಯಾಕೆ ತಗೋತಾ ಇಲ್ಲ, ಯಾವ ಸಾಲು, ಯಾವ ಅಂಕಿ ಅಂತ ಪರದೆಯಲ್ಲಿ ಬರೆದಿರುತ್ತದೆ. ಅದನ್ನು ಓದಿ ಹೇಳಬಹುದಲ್ಲ.

ಚಿಕ್ಕ ಚಿಕ್ಕ ಖೋತಾಗಳ ಮಾತೂ ಇದೆ. ಹಾಲಿನ ಲೆಕ್ಕ ತೆಗೆದುಕೊಳ್ಳಿ. ತೂಕದ ಯಂತ್ರ 4.98 ಲೀಟರು ತೋರಿಸಿತು ಅಂದುಕೊಳ್ಳಿ, ಸಾಫ್ಟ್‌ವೇರು ಒಂದೇ ಸ್ಥಾನ ಉಳಿಸಿಕೊಳ್ಳುತ್ತದೆ. ಹತ್ತಿರದ ಅಂಕಿಗೆ ತಂದರೆ 5.0, ಬಾಲ ಕತ್ತರಿಸಿ ಎಸೆದರೆ 4.9. ಹತ್ತಿರಕ್ಕೆ ತಂದರೆ ಇವತ್ತು ಸ್ವಲ್ಪ ಹೋದರೆ ನಾಳೆ ಸ್ವಲ್ಪ ಬರುತ್ತದೆ, ತಿಂಗಳಿಗೆ ಸರಿಸಮ. ಕತ್ತರಿಸಿದರೆ ದಿನವೂ ಹೋಗುವುದೇ. ಸರಾಸರಿ ಒಂದು ಸಲಕ್ಕೆ 45 ಮಿಲಿ, ಬೆಳಗ್ಗೆ ಸಂಜೆ ಸೇರಿ ತಿಂಗಳಿಗೆ ಅರವತ್ತು ಸಲ. ಒಂದು ಮನೆಗೆ 2.7 ಲೀಟರು. ನೂರು ಮನೆ ಹಾಲು ಹಾಕುವ ಸಂಘದಲ್ಲಿ 270 ಲೀಟರು, ಅದರ ಮೇಲೆ ಸರ್ಕಾರ ಕೊಡುವ ಲೀಟರಿಗೆ ಐದು ರೂಪಾಯಿ ಪ್ರೋತ್ಸಾಹಧನವೂ ಹೋಯಿತು. ನಿಮ್ಮ ಡೇರಿಯಲ್ಲಿ ಹೀಗಾಗುತ್ತಿದೆ ಅಂತ ನಾವು ಹೇಳುತ್ತಿಲ್ಲ. ಯಂತ್ರ ತೋರಿಸಿದ ಅಂಕಿಯನ್ನೂ ಚೀಟಿಯಲ್ಲಿ ಬಂದ ಅಂಕಿಯನ್ನೂ ಒಂದು ವಾರ ಬರೆದಿಟ್ಟು ನೋಡಿ, ಅಷ್ಟೇ.

ಇದು ಕಟ್ಟುಕತೆಯಲ್ಲ ಅನ್ನುವುದಕ್ಕೆ ಕೆನಡಾದ ವ್ಯಾಂಕೂವರ್ ಷೇರುಪೇಟೆ ಸಾಕ್ಷಿ. 1982ರ ಜನವರಿಯಲ್ಲಿ ಅಲ್ಲಿ ಹೊಸ ಸೂಚ್ಯಂಕವನ್ನು 1000ದಿಂದ ಶುರುಮಾಡಿದರು. ದಿನಕ್ಕೆ ಸಾವಿರಾರು ಸಲ ಲೆಕ್ಕ ಆಗುತ್ತಿತ್ತು, ಪ್ರತಿ ಸಲವೂ ಮೂರು ದಶಮಾಂಶದ ಆಚೆಗಿನದನ್ನು ಕತ್ತರಿಸಿ ಬಿಸಾಡುತ್ತಿದ್ದರು. 1983ರ ನವೆಂಬರ್ ಹೊತ್ತಿಗೆ ಸೂಚ್ಯಂಕ 524ರ ಆಸುಪಾಸಿಗೆ ಬಿದ್ದಿತ್ತು. ವ್ಯಾಪಾರ ಚೆನ್ನಾಗಿಯೇ ನಡೆಯುತ್ತಿತ್ತು. ಸರಿಯಾಗಿ ಲೆಕ್ಕ ಹಾಕಿ ನೋಡಿದರೆ ಅದು 1098 ದಾಟಿರಬೇಕಿತ್ತು. ಸಾವಿರದಲ್ಲಿ ಒಂದು ಪಾಲಿಗಿಂತ ಕಡಿಮೆ ಕಸ ಅಂತ ಗುಡಿಸಿ ಹಾಕಿದ್ದು ಅರ್ಧ ಮನೆ ನುಂಗಿತ್ತು.

ಮನುಷ್ಯರ ಕೂಡಿಕೆಯೇ ವಾಸಿ ಅಂತಲೂ ಅನ್ನಬೇಡಿ. ನಮ್ಮ ರಾಜ್ಯದ್ದೇ ಉದಾಹರಣೆ ಇದೆ. ಜಯಲಲಿತಾ ಅವರ ಅಕ್ರಮ ಆಸ್ತಿ ಪ್ರಕರಣದಲ್ಲಿ 2015ರ ಮೇ 11ರಂದು ಕರ್ನಾಟಕ ಹೈಕೋರ್ಟು ಎಲ್ಲರನ್ನೂ ಖುಲಾಸೆ ಮಾಡಿತು. ಆದಾಯಕ್ಕಿಂತ ಹೆಚ್ಚಿನ ಆಸ್ತಿ ಬರೀ ಶೇಕಡಾ 8.12, ಅದು ಹತ್ತರೊಳಗಿದೆ ಅನ್ನುವುದು ಆ ತೀರ್ಪಿನ ಮುಖ್ಯ ಆಧಾರ. ತೀರ್ಪಿನಲ್ಲಿ ಹತ್ತು ಸಾಲಗಳ ಪಟ್ಟಿಯಿತ್ತು, ಕೆಳಗೆ ಮೊತ್ತ 24,17,31,274 ರೂಪಾಯಿ ಅಂತ ಬರೆದಿತ್ತು. ಹತ್ತನ್ನೂ ಕೂಡಿದರೆ ಬರುವುದು 10,67,31,274. ಹದಿಮೂರೂವರೆ ಕೋಟಿ ವ್ಯತ್ಯಾಸ. ಅದನ್ನು ಸರಿಮಾಡಿದರೆ ಶೇಕಡಾ ಎಂಟು ಹೋಗಿ ಎಪ್ಪತ್ತಾರು ದಾಟುತ್ತದೆ ಅಂತ ಸರ್ಕಾರದ ಪರ ವಕೀಲರಾಗಿದ್ದ ಬಿ.ವಿ. ಆಚಾರ್ಯ ಎತ್ತಿ ತೋರಿಸಿದರು. 2017ರ ಫೆಬ್ರವರಿ 14ರಂದು ಸುಪ್ರೀಂ ಕೋರ್ಟು ಖುಲಾಸೆಯನ್ನು ರದ್ದು ಮಾಡಿ ವಿಶೇಷ ನ್ಯಾಯಾಲಯದ ತೀರ್ಪನ್ನು ಎತ್ತಿಹಿಡಿಯಿತು. ಜಯಲಲಿತಾ ಅಷ್ಟರಲ್ಲಿ ತೀರಿಕೊಂಡಿದ್ದರು, ಶಶಿಕಲಾ ಮತ್ತಿಬ್ಬರು ಪರಪ್ಪನ ಅಗ್ರಹಾರಕ್ಕೆ ಹೋದರು.

ರಾಜಕೀಯಕ್ಕಾಗಿ ಈ ಕತೆ ಎತ್ತಿದ್ದಲ್ಲ. ಆ ತಪ್ಪು ಹೊರಬಿದ್ದದ್ದು ಹೇಗೆ ಅಂತ ಯೋಚಿಸಿ. ಹತ್ತೂ ಸಾಲು ಅಲ್ಲೇ ಅಚ್ಚಾಗಿದ್ದವು. ಯಾರು ಬೇಕಾದರೂ ಕೂಡಿ ನೋಡಬಹುದಿತ್ತು, ನೋಡಿದರು. ಬರೀ ಒಟ್ಟು ಮೊತ್ತ ಮಾತ್ರ ಬರೆದಿದ್ದರೆ? ನಮ್ಮ ಊರುಗಳಿಗೆ ಬರುವ ಕಾಗದಗಳಲ್ಲಿ ಬಹಳಷ್ಟು ಸಲ ಬರುವುದು ಒಟ್ಟು ಮೊತ್ತ ಮಾತ್ರ. ಫೋನಿಗೆ ಒಂದು ಮೆಸೇಜು, ಇಷ್ಟು ರೂಪಾಯಿ ಜಮೆ ಆಗಿದೆ ಅಂತ. ಎಷ್ಟು ಗುಂಟೆಗೆ, ಯಾವ ದರಕ್ಕೆ, ಹೆಕ್ಟೇರಿಗೆ ಹೇಗೆ ತಿರುಗಿಸಿದರು ಅನ್ನುವುದು ಇರುವುದಿಲ್ಲ. ಆ ನಾಲ್ಕು ಅಂಕಿ ಅದೇ ಮೆಸೇಜಿನಲ್ಲಿ ಹಾಕಲು ಏನು ಕಷ್ಟ? ಬೀರಸಂದ್ರದ ಜಿಲ್ಲಾಡಳಿತ ಭವನದಲ್ಲಿ ಕೂತವರಿಗೆ ನಮ್ಮ ಬೇಡಿಕೆ ಇದೊಂದೇ. ಮೊತ್ತದ ಜೊತೆ ಲೆಕ್ಕವನ್ನೂ ಕೊಡಿ. ತಪ್ಪಿದ್ದರೆ ಹಳ್ಳಿಯವರೇ ಹಿಡಿದುಕೊಡುತ್ತಾರೆ, ಮೇಲೆ ಹೇಳಿದ ಹೊಸಕೋಟೆಯ ಅಣ್ಣನಂತೆ.

ತಪ್ಪು ಪಹಣಿಗೇ ಹೊಕ್ಕರೆ ಆಗುವ ಪಾಡು ಬೇರೆ. ಕಾಲಂ 3ರಲ್ಲಿ ಸರ್ವೆ ನಂಬರಿನ ವಿಸ್ತೀರ್ಣ ಇರುತ್ತದೆ, ಕಾಲಂ 9ರಲ್ಲಿ ಮಾಲೀಕರ ಹೆಸರು, ಅವರವರ ಪಾಲು. ಇವೆರಡೂ ತಾಳೆಯಾಗದಿದ್ದರೆ ಖಾತೆ ಬದಲಾವಣೆ ನಿಲ್ಲುತ್ತದೆ, ಮಾರಲು ಆಗದು, ಸಾಲಕ್ಕೂ ತಕರಾರು. ಆಮೇಲೆ ತಹಶೀಲ್ದಾರ್ ಕಚೇರಿ, ಅಲ್ಲಿಂದ ದೊಡ್ಡಬಳ್ಳಾಪುರದ ಉಪವಿಭಾಗಾಧಿಕಾರಿ ಕಚೇರಿ ಅಂತ ಓಡಾಟ. ಆದ್ದರಿಂದ ವಿಭಾಗಕ್ಕೆ ಕೂರುವ ಮುಂಚೆಯೇ, ಸ್ಟಾಂಪ್ ಪೇಪರು ತರುವ ಮುಂಚೆಯೇ, ಪಾಲುಗಳನ್ನೆಲ್ಲ ಕೂಡಿ ಕಾಲಂ 3ಕ್ಕೆ ಸರಿಹೊಂದುತ್ತದೆಯೇ ನೋಡಿ.

ಕೂಡುವುದು ಹೇಗೆ ಅಂತೀರಾ? ಎಲ್ಲವನ್ನೂ ಗುಂಟೆ ಮಾಡಿಕೊಳ್ಳಿ. ಎಕರೆಯನ್ನು ನಲವತ್ತರಿಂದ ಗುಣಿಸಿ ಗುಂಟೆ ಸೇರಿಸಿ. ಎರಡು ಎಕರೆ ಹತ್ತು ಗುಂಟೆ ಅಂದರೆ 90. ಒಂದು ಎಕರೆ ಮೂವತ್ತು ಅಂದರೆ 70. ಫೋನಿನ ಕ್ಯಾಲ್ಕುಲೇಟರ್‌ನಲ್ಲಿ ಎಪ್ಪತ್ತು ನಾಲ್ಕು ಸಲ ಕೂಡಿದರೆ 280, ನಲವತ್ತರಿಂದ ಭಾಗಿಸಿದರೆ 7. ಚುಕ್ಕೆಯ ಗೊಡವೆಯೇ ಇಲ್ಲ. ಆಣೆ ಇದ್ದರೆ ಹದಿನಾರು ಆಣೆಗೆ ಒಂದು ಗುಂಟೆ, ಅದನ್ನೂ ಹಾಗೇ ಇಳಿಸಿಕೊಳ್ಳಿ. ಶೀಟು ಮಾಡುವ ಹುಡುಗರಿಗೆ ಎಕರೆಗೊಂದು ಕಾಲಂ, ಗುಂಟೆಗೊಂದು ಕಾಲಂ ಮಾಡಪ್ಪ ಅನ್ನಿ. ಹಿಂದೆ ಶಾನುಭೋಗರು ಕೈಲೆಕ್ಕದಲ್ಲಿ ಮಾಡುತ್ತಿದ್ದದ್ದೂ ಇದೇ. ಸರ್ವೆ ನಂಬರಿನ ಕಾಲಂ ಅನ್ನು ಮೊದಲೇ ಟೆಕ್ಸ್ಟ್ ಅಂತ ಗುರುತು ಹಾಕಿಸಿ, ಫೆಬ್ರವರಿ 5ರ ಕಾಟ ತಪ್ಪುತ್ತದೆ.

ನಮ್ಮ ತಿದ್ದುಪಡಿ ಮೂರನೇ ದಿನ ಪೇಪರಿನಲ್ಲಿ ಬಂತು, ಒಳಪುಟದ ಮೂಲೆಯಲ್ಲಿ ಎರಡು ಸಾಲು. ಹೊಸಕೋಟೆಯ ಅಣ್ಣ ಮತ್ತೆ ಫೋನು ಮಾಡಿದರು. "ಹಾಕಿದ್ದೀಯ, ಸಂತೋಷ. ತಪ್ಪನ್ನ ಅಷ್ಟು ದೊಡ್ಡಕ್ಷರದಾಗೆ ಹಾಕಿ, ಸರಿಯಾದ್ದನ್ನ ಕನ್ನಡಕ ಹಾಕ್ಕೊಂಡ್ರೂ ಕಾಣದಂಗೆ ಹಾಕಿದ್ದೀಯಲ್ಲಪ್ಪ" ಅಂದರು. ಅದಕ್ಕೇ ಇಲ್ಲಿ ಇನ್ನೊಂದು ಸಲ ಬರೆದಿದ್ದೇವೆ: ಅವರದು ಏಳು ಎಕರೆ.